ಊರಲ್ಲೇ ಬೆಳೆದದ್ದನ್ನು ತಿನ್ನಬೇಕೆಂದರೆ: ಕಾಸರಗೋಡಿನ ಮನೆಗಳಿಗೊಂದು ಮಾರ್ಗದರ್ಶಿ

2020ರ ಮಾರ್ಚ್ ಕೊನೆಗೆ, ಕೊರೋನಾ ಕಾಲದಲ್ಲಿ, ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರ ಪಾಡು ಬೇರೆಯೇ ಕಥೆ, ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಡುಗೆಮನೆಯ ಮಟ್ಟಿಗೆ ಹೇಳುವುದಾದರೆ, ಘಟ್ಟದ ಮೇಲಿನಿಂದ ಬರುವ ತರಕಾರಿಯ ಲಾರಿ ಕಮ್ಮಿಯಾದದ್ದೇ ತಡ, ಎಲ್ಲರಿಗೂ ಹಿತ್ತಲಿನ ಹಲಸಿನಮರ ನೆನಪಾಯಿತು. ಗುಜ್ಜೆ (ಎಳೆ ಹಲಸಿನಕಾಯಿ) ಪಲ್ಯ, ಸೊಳೆ ಹುಳಿ, ಹಲಸಿನ ಬೇಳೆಯ ಸಾರು, ಹಪ್ಪಳ. ಗಡಿ ತೆರೆದ ಮೇಲೆ ಕ್ಯಾಬೇಜು, ಕ್ಯಾರೆಟ್ಟು ವಾಪಸ್ ಬಂದವು. ಹಲಸು ಮತ್ತೆ ಮರದಡಿಯಲ್ಲೇ ಕೊಳೆಯತೊಡಗಿತು.

ಊರದ್ದನ್ನು ತಿನ್ನಬೇಕು ಎಂಬ ಆಸೆ ತುಂಬಾ ಜನರಿಗಿದೆ. ಎಲ್ಲಿಂದ ಶುರು ಮಾಡುವುದು, ಯಾವುದನ್ನು ಊರದ್ದೇ ಬೇಕು ಎಂದು ಹಟ ಹಿಡಿಯುವುದು, ಯಾವುದನ್ನು ಬಿಟ್ಟುಬಿಡುವುದು ಎಂಬಲ್ಲಿ ಗೊಂದಲ. ಈ ಬರಹ ಅದಕ್ಕಾಗಿ. ಊರದ್ದೆಲ್ಲ ಅಮೃತ, ಘಟ್ಟದ್ದೆಲ್ಲ ವಿಷ ಎಂದು ನಂಬಿದವರಿಗೆ ಕೆಲವು ಮಾತು ಹಿಡಿಸಲಿಕ್ಕಿಲ್ಲ. ನನ್ನ ಪ್ರಕಾರ ಊರ ಬೆಳೆಯ ದೊಡ್ಡ ಲಾಭ ರುಚಿಯೂ ಅಲ್ಲ, ವಿಟಮಿನ್ನೂ ಅಲ್ಲ. ಬೆಳೆದವರ ಮುಖ ನೋಡಿ ನಾಲ್ಕು ಪ್ರಶ್ನೆ ಕೇಳಬಹುದು, ಅದು. ಕೇಳದೆ ತಂದರೆ ಲಾಭದಲ್ಲಿ ಅರ್ಧ ಅಲ್ಲೇ ಹೋಯಿತು.

1. ನಿಮ್ಮ ‘ಊರು’ ಎಲ್ಲಿವರೆಗೆ ಎಂದು ಮೊದಲು ತೀರ್ಮಾನಿಸಿ

ಗಡಿನಾಡಿನಲ್ಲಿ ಇದು ಸುಲಭ ಅಲ್ಲ. ಅಂಗಡಿಯಲ್ಲಿ ‘ನಾಡನ್’ ಎಂದು ಬೋರ್ಡು ಹಾಕಿದ ನೇಂದ್ರಬಾಳೆ ವಯನಾಡಿನಿಂದಲೂ ಬಂದಿರಬಹುದು, ಪಾಲಕ್ಕಾಡಿನಿಂದಲೂ ಬಂದಿರಬಹುದು. ಕೇರಳದ ಲೆಕ್ಕದಲ್ಲಿ ಅದು ನಾಡಿನದ್ದೇ. ಆದರೆ ಪೆರ್ಲದಲ್ಲಿರುವವರಿಗೆ ವಿಟ್ಲ, ಪುತ್ತೂರು ಎಷ್ಟು ಹತ್ತಿರ! ತಿರುವನಂತಪುರ 500 ಕಿಲೋಮೀಟರಿಗಿಂತಲೂ ದೂರ. 1956ರಲ್ಲಿ ರಾಜ್ಯದ ಗೆರೆ ಎಳೆದಾಗ ಯಾರೂ ಬಸಳೆ ಚಪ್ಪರ ನೋಡಿಕೊಂಡು ಎಳೆಯಲಿಲ್ಲ.

ಹಾಗಾಗಿ ರಾಜ್ಯ ಬಿಟ್ಟುಬಿಡಿ, ಹೊತ್ತಿನ ಲೆಕ್ಕ ಹಿಡಿಯಿರಿ. ಸೊಪ್ಪಾದರೆ ಬೆಳಗ್ಗೆ ಕೊಯ್ದದ್ದು ಮಧ್ಯಾಹ್ನದೊಳಗೆ ನಿಮ್ಮ ಮನೆಗೆ ಬರಬೇಕು. ಅಂದರೆ ಪಕ್ಕದ ಮನೆ, ಹೆಚ್ಚೆಂದರೆ ಪಂಚಾಯತಿನೊಳಗೆ. ತರಕಾರಿಗೆ ಒಂದು ದಿನ, ಅಂದರೆ ತಾಲೂಕು ಮತ್ತು ಗಡಿಯಾಚೆಯ ಸಂತೆ. ಅಕ್ಕಿ, ತೆಂಗಿನೆಣ್ಣೆಗೆ ಇಡೀ ತುಳುನಾಡನ್ನೇ ಊರು ಎಂದುಕೊಂಡರೂ ತಪ್ಪಿಲ್ಲ. ಮೀನು ತಿನ್ನುವವರಿಗೆ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡಲು.

ಎಲ್ಲದಕ್ಕೂ ಒಂದೇ ಗೆರೆ ಹಾಕಿದರೆ ಎರಡನೇ ವಾರಕ್ಕೇ ಸುಸ್ತಾಗುತ್ತದೆ.

2. ಅಡುಗೆಮನೆಯ ಪಟ್ಟಿಯನ್ನು ಮೂರು ಪಾಲು ಮಾಡಿ

ಕಪಾಟು ತೆರೆದು ಒಂದು ಕಾಗದದಲ್ಲಿ ಬರೆಯಿರಿ. ಮೊದಲ ಪಾಲು, ಊರದ್ದೇ ಬೇಕು ಎನ್ನುವಂಥದ್ದು: ಸೊಪ್ಪುಗಳು, ಕರಿಬೇವು, ಬಾಳೆಹಣ್ಣು, ತೆಂಗಿನಕಾಯಿ, ತೆಂಗಿನೆಣ್ಣೆ, ಹಲಸು, ಮಾವು, ಪಪ್ಪಾಯಿ, ಕಾಳುಮೆಣಸು, ಪುನರ್ಪುಳಿ. ಇವು ಇಲ್ಲಿ ಚೆನ್ನಾಗಿ ಬೆಳೆಯುತ್ತವೆ. ಸೊಪ್ಪಂತೂ ಕೊಯ್ದ ಗಳಿಗೆಯಿಂದಲೇ ಸತ್ವ ಬಿಡಲು ಶುರುಮಾಡುತ್ತದೆ. ಅದರಲ್ಲಿರುವ ವಿಟಮಿನ್ ಸಿ ಬಿಸಿಲಿಗೂ ಗಾಳಿಗೂ ಬೇಗ ಕರಗುತ್ತದೆ. ಲಾರಿಯಲ್ಲಿ ರಾತ್ರಿಯಿಡೀ ಬಂದ ಸೊಪ್ಪಿಗೂ ಹಿತ್ತಲಿನ ಹರಿವೆಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಕುಂಬಳಕಾಯಿಯಂಥದ್ದರಲ್ಲಿ ಈ ವ್ಯತ್ಯಾಸ ಅಷ್ಟಿಲ್ಲ.

ಎರಡನೇ ಪಾಲು, ಕಾಲ ನೋಡಿ ಸಿಗುವಂಥದ್ದು: ಅಲಸಂಡೆ, ಬೆಂಡೆ, ಹೀರೆ, ಪಡುವಲ, ಹಾಗಲ, ತೊಂಡೆ, ಸೌತೆ, ಕುಂಬಳ, ಗೆಡ್ಡೆಗಳು.

ಮೂರನೆಯದು ಇಲ್ಲಿ ಆಗದ್ದು. ನೀರುಳ್ಳಿ, ಬಟಾಟೆ, ತೊಗರಿಬೇಳೆ, ಕಡ್ಲೆ, ಗೋಧಿ, ಕೊತ್ತಂಬರಿ, ಜೀರಿಗೆ, ಬ್ಯಾಡಗಿ ಮೆಣಸು, ಬೆಲ್ಲ. ಇವುಗಳಿಗೆ ಅಂಗಡಿಗೇ ಹೋಗಬೇಕು. ಅದರಲ್ಲಿ ನಾಚಿಕೆಯೇನಿಲ್ಲ. ಊರದ್ದೇ ತಿನ್ನುತ್ತೇವೆ ಎಂಬ ಹುಮ್ಮಸ್ಸಿನಲ್ಲಿ ಬೇಳೆ ಬಿಟ್ಟರೆ, ಮೀನು ಮೊಟ್ಟೆ ತಿನ್ನದ ಮನೆಗಳಲ್ಲಿ ಪ್ರೋಟೀನು ಕೊರತೆಯಾಗುತ್ತದೆ. ಮಕ್ಕಳಿದ್ದರೆ ಈ ಪ್ರಯೋಗ ಬೇಡವೇ ಬೇಡ. ಸಮುದ್ರ ಪಕ್ಕದಲ್ಲೇ ಇದೆ ಎಂದು ಅಯೋಡಿನ್ ಇಲ್ಲದ ಕಲ್ಲುಪ್ಪೊಂದನ್ನೇ ಬಳಸುವುದೂ ಬೇಡ. ಅದು ಉಪ್ಪಿನಕಾಯಿ ಭರಣಿಗೆ ಇರಲಿ.

ಅಕ್ಕಿಯ ವಿಷಯ ಸ್ವಲ್ಪ ಬೇಜಾರಿನದ್ದು. ಬೈಲು, ಮಜಲು ಗದ್ದೆಗಳೆಲ್ಲ ಅಡಿಕೆ ತೋಟವಾಗಿವೆ. ಗದ್ದೆ ಕೊಯ್ಲಾದ ಮೇಲೆ ಹಾಕುತ್ತಿದ್ದ ಉದ್ದು, ಹೆಸರು, ಹುರುಳಿಯೂ ಅದರೊಟ್ಟಿಗೇ ಹೋದವು. ಆದರೂ ಬೀಜ ಉಳಿದಿದೆ. ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿಕೊಂಡಿದ್ದಾರೆ. 2024ರಲ್ಲಿ ಪದ್ಮಶ್ರೀ ಬಂದದ್ದು ಅದಕ್ಕೇ. ರಾಜಕಯಮೆ ಎಂಬ ತಳಿ ಅವರಿಂದಲೇ ಹಲವರ ಗದ್ದೆಗೆ ಹೋಯಿತು. ಗದ್ದೆ ಮಾಡುವವರು ನಿಮ್ಮ ಪರಿಚಯದಲ್ಲಿದ್ದರೆ ಒಂದು ಮುಡಿ ಅಕ್ಕಿ ಮೊದಲೇ ಹೇಳಿಡಿ. ಇಲ್ಲದಿದ್ದರೆ ಅಂಗಡಿಯ ಕುಚ್ಚಲಕ್ಕಿ ತನ್ನಿ, ತಲೆ ಕೆಡಿಸಿಕೊಳ್ಳಬೇಡಿ.

ಅಂದಹಾಗೆ, ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಊರದ್ದು ಯಾವುದು? ಅಡಿಕೆ. ಜಗಿಯುವ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. ಅಂಗಳದಲ್ಲಿ ಒಣಗಿದ್ದು ಎಂಬ ಕಾರಣಕ್ಕೆ ಅದು ಒಳ್ಳೆಯದಾಗುವುದಿಲ್ಲ. ಈ ಮಾತು ಹೇಳಿದರೆ ನಮ್ಮೂರಲ್ಲಿ ಬೈಗುಳ ಗ್ಯಾರಂಟಿ, ಆದರೂ ಹೇಳಿದ್ದೇನೆ.

3. ತಿಂಗಳ ಲೆಕ್ಕ ಹಾಕಿ

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಊರ ತರಕಾರಿ ವರ್ಷಪೂರ್ತಿ ಒಂದೇ ಥರ ಸಿಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡರೆ ಅರ್ಧ ಕಿರಿಕಿರಿ ತಪ್ಪುತ್ತದೆ.

ಕಷ್ಟದ ಕಾಲ ಜೂನ್, ಜುಲೈ. ಬೇಸಿಗೆಯ ತರಕಾರಿ ಮುಗಿದಿರುತ್ತದೆ. ಮಳೆಗಾಲದ ಬಳ್ಳಿ ಇನ್ನೂ ಚಪ್ಪರ ಹತ್ತುತ್ತಿರುತ್ತದೆ. ಹರಿವೆ ಮಳೆಹನಿಯ ಪೆಟ್ಟಿಗೆ ಮಲಗುತ್ತದೆ, ಬಸಳೆಯ ಬುಡ ಕೊಳೆಯುತ್ತದೆ. ಆಟಿಯ (ಮಳೆಗಾಲದ ತುಳು ತಿಂಗಳು) ಅಡುಗೆ ಹುಟ್ಟಿದ್ದೇ ಈ ಖಾಲಿ ಜಾಗದಲ್ಲಿ. ತಗತೆ ಸೊಪ್ಪು, ಕೆಸು, ಕಣಿಲೆ (ಎಳೆ ಬಿದಿರು), ಒಂದೆಲಗ, ಉಪ್ಪು ಸೊಳೆ, ಹಲಸಿನ ಬೇಳೆ. ಈಗ ಹೋಟೆಲುಗಳಲ್ಲಿ ಆಟಿಯ ವಿಶೇಷ ಊಟ ಎಂದು ದುಬಾರಿ ಬೆಲೆಗೆ ಬಡಿಸುತ್ತಾರೆ. ಆಗ ಅದು ಬೇರೆ ಗತಿಯಿಲ್ಲದ ಊಟ. ಈ ಎರಡು ತಿಂಗಳು ಮನೆಯಲ್ಲಿ ದಾಸ್ತಾನು ಇಲ್ಲದಿದ್ದರೆ ಘಟ್ಟದ ತರಕಾರಿಯನ್ನು ಧೈರ್ಯವಾಗಿ ತನ್ನಿ.

ಮೀನಿಗೂ ಇದೇ ಕಥೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಟ್ರಾಲ್ ಬೋಟುಗಳಿಗೆ ನಿಷೇಧ. ನಾಡದೋಣಿಯವರು ಹಿಡಿದ ಬೂತಾಯಿ, ಬಂಗುಡೆ ಸಿಕ್ಕರೆ ಪುಣ್ಯ. ಉಳಿದದ್ದು ದೂರದಿಂದ ಮಂಜುಗಡ್ಡೆಯಲ್ಲಿ ಬರುತ್ತದೆ. 2018ರ ಜೂನ್‌ನಲ್ಲಿ ಹೊರರಾಜ್ಯದಿಂದ ಬಂದ ಮೀನಿನಲ್ಲಿ ಫಾರ್ಮಲಿನ್ ಸಿಕ್ಕಿ ಕೇರಳವಿಡೀ ಗಲಾಟೆಯಾದದ್ದು ನೆನಪಿದೆಯಲ್ವಾ? ಆ ದಿನಗಳಿಗೆ ಬೇಸಿಗೆಯಲ್ಲೇ ಒಣಗಿಸಿಟ್ಟ ಮೀನು ವಾಸಿ.

ಆಗಸ್ಟಿನಿಂದ ಅಕ್ಟೋಬರ್ ಹಬ್ಬ. ಓಣಂ, ಚೌತಿಯ ಹೊತ್ತಿಗೆ ಬೆಂಡೆ, ಹೀರೆ, ಪಡುವಲ, ಹಾಗಲ, ಅಲಸಂಡೆ, ಮುಳ್ಳುಸೌತೆ ಒಟ್ಟಿಗೆ ಬರುತ್ತವೆ. ಊರ ಬಿಳಿ ಬೆಂಡೆ ಸಿಗುವುದು ಆಗಲೇ. ಉದ್ದಕ್ಕೆ, ದಪ್ಪಕ್ಕೆ, ತಿಳಿ ಬಣ್ಣದಲ್ಲಿರುತ್ತದೆ. ಘಟ್ಟದ ಹಸಿರು ಬೆಂಡೆಯ ಪಕ್ಕದಲ್ಲಿಟ್ಟರೆ ಹೆಡ್ಡನ ಹಾಗೆ ಕಾಣುತ್ತದೆ, ಸಾಂಬಾರಿಗೆ ಹಾಕಿದರೆ ಕಥೆ ಬೇರೆ.

ನವೆಂಬರಿನಿಂದ ಜನವರಿವರೆಗೆ ಗೆಡ್ಡೆಗಳ ಕಾಲ: ಸುವರ್ಣಗೆಡ್ಡೆ, ಮುಂಡಿ, ಮರಗೆಣಸು, ಕೂವೆ. ಆಮೇಲೆ ಏಪ್ರಿಲ್‌ವರೆಗೆ ನೀರಿದ್ದವರ ಗದ್ದೆಯಲ್ಲಿ ಸೌತೆ, ಕುಂಬಳ, ಹರಿವೆ, ಬಸಳೆ, ಬದನೆ. ಬಾಯಾರು, ಎಣ್ಮಕಜೆ ಕಡೆ ಸುರಂಗದ ನೀರಿನಲ್ಲೇ ಬೇಸಿಗೆ ತರಕಾರಿ ಮಾಡುವವರಿದ್ದಾರೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ತಂದ ನೀರು ಅದು. ವಿಷುವಿನ ಕಣಿಗೆ ಸೌತೆಕಾಯಿ ಇಡುವುದೂ ಸುಮ್ನೆ ಅಲ್ಲ, ಆ ಹೊತ್ತಿಗೆ ಮನೆಮನೆಯಲ್ಲೂ ಅದು ಇರುತ್ತಿತ್ತು. ಮಾರ್ಚಿನಿಂದ ಮೇವರೆಗೆ ಹಲಸು, ಮಾವು, ಗೇರುಹಣ್ಣು, ಪುನರ್ಪುಳಿ. ಆಗ ತಿಂದು ಮುಗಿಸಲಾಗದಷ್ಟು ಇರುತ್ತದೆ.

4. ಕೇಳಲು ಕಲಿಯಿರಿ

ಊರದ್ದು ಎಂದರೆ ವಿಷವಿಲ್ಲದ್ದು ಎಂಬ ನಂಬಿಕೆ ಬೇರೆ ಯಾವ ಜಿಲ್ಲೆಯವರಿಗೆ ಇದ್ದರೂ ನಮಗೆ ಇರಕೂಡದು. ಇಲ್ಲಿನ ಸರ್ಕಾರಿ ಗೇರುತೋಟಗಳ ಮೇಲೆ ಎರಡು ದಶಕಕ್ಕಿಂತಲೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ತೋಟದ ಪಕ್ಕದ ಮನೆಗಳವರು ತಿಂದದ್ದು ತಮ್ಮದೇ ಹಿತ್ತಲಿನ ಸೊಪ್ಪು, ಕುಡಿದದ್ದು ತಮ್ಮದೇ ತೋಡಿನ ನೀರು, ತಮ್ಮದೇ ಹಸುವಿನ ಹಾಲು. ಪಡ್ರೆ ಗ್ರಾಮದ ವಾಣಿನಗರದಲ್ಲಿ ಡಾಕ್ಟರಾಗಿದ್ದ ವೈ. ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವವರ ಕಾಯಿಲೆಗಳನ್ನು ನೋಡಿ ಮೊದಲು ಅನುಮಾನಪಟ್ಟರು. ಪತ್ರಕರ್ತ ಶ್ರೀಪಡ್ರೆ ಬರೆದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ತರಕಾರಿ, ಹಾಲು, ಜನರ ರಕ್ತ ಪರೀಕ್ಷಿಸಿದಾಗ ಅವುಗಳಲ್ಲಿ ಆ ವಿಷ ಸಿಕ್ಕಿತು. ದೇಶವಿಡೀ ನಿಷೇಧವಾದದ್ದು 2011ರ ಮೇಯಲ್ಲಿ, ಸುಪ್ರೀಂ ಕೋರ್ಟಿನ ಆದೇಶದಿಂದ. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಹಾಸಿಗೆ ಹಿಡಿದಾಗಿತ್ತು.

ಹಾಗಾಗಿ ಹತ್ತಿರದ್ದಾದರೂ ಕೇಳಿ. ಕೇಳುವುದರಲ್ಲೂ ಒಂದು ಕ್ರಮ ಇದೆ. “ಅಕ್ಕಾ, ಅಲಸಂಡೆಗೆ ಮದ್ದು ಬಿಟ್ಟಿದ್ದೀರಾ?” ಎಂದು ನೇರ ಕೇಳಿದರೆ “ಇಲ್ಲಪ್ಪ” ಎಂದೇ ಉತ್ತರ ಬರುತ್ತದೆ. ಅದರ ಬದಲು “ಈ ಸಲ ಅಲಸಂಡೆಗೆ ಹೇನು ಜಾಸ್ತಿ ಅಲ್ವಾ ಅಕ್ಕ, ಏನು ಮಾಡಿದ್ರಿ?” ಎಂದು ಕೇಳಿ ನೋಡಿ. ಬೆಳೆದವರಿಗೆ ಹೇನಿನ ಸುದ್ದಿ ಹೇಳುವಷ್ಟು ಉಮೇದು ಬೇರೆ ಯಾವುದರಲ್ಲೂ ಇಲ್ಲ. ಬೂದಿ ಎರಚಿದೆ, ಬೇವಿನೆಣ್ಣೆಗೆ ಬೆಳ್ಳುಳ್ಳಿ ಅರೆದು ಹಾಕಿ ಬಿಟ್ಟೆ, ಕಡೆಗೆ ಅಂಗಡಿಯವರು ಕೊಟ್ಟದ್ದನ್ನು ಒಂದು ಸಲ ಬಿಟ್ಟೆ, ಎಲ್ಲ ಹೊರಗೆ ಬರುತ್ತದೆ. ಅಂಗಡಿಯ ಮದ್ದು ಬಿಟ್ಟಿದ್ದರೆ ಯಾವಾಗ ಎಂದು ಕೇಳಿ. ಪ್ರತಿ ಬಾಟಲಿಯಲ್ಲೂ, ಸಿಂಪಡಿಸಿದ ಎಷ್ಟು ದಿನದ ನಂತರ ಕೊಯ್ಯಬಹುದು ಎಂದು ಬರೆದಿರುತ್ತದೆ. ತ್ರಿಕೋನದ ಬಣ್ಣವೂ ಇರುತ್ತದೆ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕಡೆಗೆ ಹಸಿರು. ಬಾಟಲಿ ತೋರಿಸಿ ಎನ್ನುವಷ್ಟು ಸಲುಗೆ ಬೆಳೆದರೆ ಇನ್ನೂ ಒಳ್ಳೆಯದು.

ಸಾಧ್ಯವಾದರೆ ಒಮ್ಮೆ ಗದ್ದೆಗೇ ಹೋಗಿ. ಹಾಗಲಕಾಯಿಗೆ ಕಾಗದದ ಕೊಟ್ಟೆ ಕಟ್ಟಿದ್ದಾರಾ ನೋಡಿ. ಹಣ್ಣುನೊಣ ಕಚ್ಚದಿರಲಿ ಎಂದು ಎಳೆ ಮಿಡಿಯಲ್ಲೇ ಒಂದೊಂದಕ್ಕೂ ಕಟ್ಟುವ ಕೆಲಸ ಅದು, ಸೊಂಟ ಬಿದ್ದುಹೋಗುತ್ತದೆ. ಅಷ್ಟು ಮಾಡಿದವರು ಮದ್ದಿಗೆ ಕೈ ಹಾಕುವುದು ಕಮ್ಮಿ. ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡಬೇಡಿ.

ಅಡಿಕೆ ತೋಟದವರಿಗೆ ಇನ್ನೊಂದು ಎಚ್ಚರ. ಕೊಳೆರೋಗಕ್ಕೆ ಮಳೆಗೆ ಮುಂಚೆ ಒಮ್ಮೆ, ಆಮೇಲೆ 40-45 ದಿನಕ್ಕೆ ಮತ್ತೊಮ್ಮೆ ಬೋರ್ಡೋ ದ್ರಾವಣ ಬಿಡುತ್ತೇವೆ. ಮೈಲುತುತ್ತು, ಸುಣ್ಣ ಬೆರೆಸಿದ ಆ ನೀಲಿ ನೀರು ಗೊನೆಯ ಮೇಲೆ ಮಾತ್ರ ಬೀಳುವುದಿಲ್ಲ. ಕೆಳಗಿನ ಕೆಸು, ವೀಳ್ಯದೆಲೆ, ಬಾಳೆ, ತಗತೆ ಎಲ್ಲದರ ಮೇಲೂ ತೊಟ್ಟಿಕ್ಕುತ್ತದೆ. ಒಣಗಿದ ಮೇಲೆ ಕೆಸುವಿನ ಎಲೆಯಲ್ಲಿ ನೀಲಿಬಿಳಿ ಚುಕ್ಕಿ ಕಾಣುತ್ತದೆ. ಪತ್ರೊಡೆಗೆ ಎಲೆ ಕೊಯ್ಯಲು ಹೋಗುವುದೂ ಅದೇ ದಿನಗಳಲ್ಲಿ! ಪತ್ರೊಡೆಯ ಕೆಸುವನ್ನು ತೋಟದಿಂದ ದೂರ, ಬಾವಿಕಟ್ಟೆಯ ಹತ್ತಿರ ಬೇರೆಯೇ ನೆಡುವುದು ಒಳ್ಳೆಯದು.

ಅಂಗಡಿಯಿಂದ ತಂದದ್ದಾದರೆ ತೊಳೆಯುವ ಕ್ರಮ ಸರಳ. ಒಂದು ಲೀಟರ್ ನೀರಿಗೆ ನಿಂಬೆಗಾತ್ರದ ಹುಣಸೆಹುಳಿ ಕಿವುಚಿ ಸೋಸಿ, ತರಕಾರಿಯನ್ನು ಹತ್ತು ಹದಿನೈದು ನಿಮಿಷ ಮುಳುಗಿಸಿಟ್ಟು, ಮತ್ತೆ ಒಳ್ಳೆ ನೀರಲ್ಲಿ ತೊಳೆಯುವುದು. ಮೇಲಿನ ಮದ್ದು ಸ್ವಲ್ಪಮಟ್ಟಿಗೆ ಹೋಗುತ್ತದೆ. ಒಳಗೆ ಇಳಿದದ್ದು ಹೋಗುವುದಿಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯದ ವೆಳ್ಳಾಯಣಿ ಲ್ಯಾಬು ಪೇಟೆಯ ತರಕಾರಿ ಪರೀಕ್ಷಿಸಿ ವರದಿ ಕೊಡುತ್ತದೆ. ಮದ್ದಿನಂಶ ಇದ್ದ ಪಟ್ಟಿಯಲ್ಲಿ ಕರಿಬೇವು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಮನೆಗೊಂದು ಕರಿಬೇವಿನ ಗಿಡ ಇಲ್ಲದಿದ್ದರೆ ಮೊದಲು ಅದನ್ನು ನೆಡಿ.

5. ಊರದ್ದಾದರೂ ಜೋಪಾನ

ಕೆಲವು ಊರ ತಿನಿಸುಗಳಿಗೆ ಕ್ರಮ ಗೊತ್ತಿರಬೇಕು. ಅಜ್ಜಿಯಂದಿರಿಗೆ ಗೊತ್ತಿತ್ತು. ವೀಡಿಯೋ ನೋಡಿ ಮಾಡುವವರಿಗೆ ಯಾರಾದರೂ ಹೇಳಬೇಕು.

ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಹೆಚ್ಚಿ, ಎರಡು ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಬೇಕು. ಮರಗೆಣಸಿನಲ್ಲೂ ಅದೇ ಅಂಶ. ಸಣ್ಣ ತುಂಡು ಮಾಡಿ, ತುಂಬ ನೀರಿಟ್ಟು, ಮುಚ್ಚಳ ತೆಗೆದು ಬೇಯಿಸಿ, ಆ ನೀರು ಚೆಲ್ಲಬೇಕು. ಕಹಿ ಇದ್ದರೆ ತಿನ್ನಲೇಬೇಡಿ. ಕೆಸುವಿನ ತುರಿಕೆಗೆ ಹುಳಿ ಮದ್ದು, ಹುಣಸೆಯೋ ಪುನರ್ಪುಳಿಯೋ ಧಾರಾಳ ಹಾಕಿ ಚೆನ್ನಾಗಿ ಬೇಯಿಸಿ.

ಬಿಂಬುಳಿ ಎಂಬ ಹುಳಿಕಾಯಿಯ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಸಾರಿಗೆ ಎರಡು ಹಾಕಿದರೆ ತೊಂದರೆಯಿಲ್ಲ. ಕೊಲೆಸ್ಟರಾಲ್ ಇಳಿಯುತ್ತದೆ ಎಂದು ಅದರ ಹಸಿ ರಸವನ್ನು ಲೋಟಗಟ್ಟಲೆ ಕುಡಿದು ಕಿಡ್ನಿ ಕೆಡಿಸಿಕೊಂಡವರ ಬಗ್ಗೆ ಕೇರಳದ ವೈದ್ಯರೇ ವರದಿ ಮಾಡಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಕಾರಣ.

ಗುರುತಿಲ್ಲದ ಅಣಬೆ ಬೇಡ. ಬೆಳ್ಳಿ ನಾಣ್ಯ ಹಾಕಿ ಕಪ್ಪಾಗುತ್ತದಾ ನೋಡುವುದೆಲ್ಲ ನಂಬುವ ಪರೀಕ್ಷೆ ಅಲ್ಲ. ಕೆಲವು ವಿಷ ಬೇಯಿಸಿದರೂ ಹೋಗುವುದಿಲ್ಲ.

ಹಾಲು ಕಾಸರಗೋಡು ಕುಳ್ಳ ಎಂಬ ನಮ್ಮ ಗಿಡ್ಡ ತಳಿಯ ಹಸುವಿನದ್ದೇ ಇರಲಿ, ಯಾವುದೇ ಹಸುವಿನದ್ದಿರಲಿ, ಕುದಿಸಿಯೇ ಕುಡಿಯಿರಿ. ತೆಂಗಿನೆಣ್ಣೆಗೆ ಮನೆಯ ಕೊಬ್ಬರಿಯನ್ನೇ ಮಿಲ್ಲಿಗೆ ಕೊಂಡುಹೋಗಿ ನಿಂತು ಆಡಿಸಿಕೊಂಡು ಬನ್ನಿ. ಆದರೆ ಕೊಬ್ಬರಿ ಸರಿಯಾಗಿ ಒಣಗಿರಬೇಕು. ನೀರಿನಂಶ 6 ಶೇಕಡದ ಆಸುಪಾಸಿಗೆ ಇಳಿಯದಿದ್ದರೆ ಬೂಷ್ಟು ಬರುತ್ತದೆ, ಎಣ್ಣೆ ಬೇಗ ಕನರುತ್ತದೆ. ಮುರಿದರೆ ಟಕ್ಕೆಂದು ಮುರಿಯಬೇಕು, ಬಾಗಿದರೆ ಇನ್ನೊಂದು ಬಿಸಿಲು ಬೇಕು. ಬೂಷ್ಟು ಹಿಡಿದ ತುಂಡನ್ನು ಒರೆಸಿ ಒಳಗೆ ಸೇರಿಸಬೇಡಿ.

6. ಸಿಗುವಾಗ ಎತ್ತಿಡಿ

ಫ್ರಿಜ್ಜಿಗಿಂತ ಮುಂಚಿನ ಉಪಾಯಗಳು ಇಲ್ಲಿ ಈಗಲೂ ಕೆಲಸ ಮಾಡುತ್ತವೆ. ಊರ ಸೌತೆಕಾಯಿ ಬೆಳೆದು ಹಳದಿಗೆ ತಿರುಗಿದ ಮೇಲೆ ತೊಟ್ಟು ಬಿಟ್ಟು ಕೊಯ್ಯಬೇಕು. ನೀರು ಮುಟ್ಟಿಸಬಾರದು. ಬಾಳೆನಾರಿನಿಂದ ಅಡ್ಡಕ್ಕೆ ಎರಡು ಸುತ್ತು ಹಾಕಿ ಅಟ್ಟದ ಪಕ್ಕಾಸಿಗೆ ಒಂದಕ್ಕೊಂದು ತಾಗದ ಹಾಗೆ ತೂಗಿಸಬೇಕು. ಗಾಳಿಯಾಡಿದರೆ ಮಳೆಗಾಲವಿಡೀ ಬರುತ್ತದೆ. ವಾರಕ್ಕೊಮ್ಮೆ ಕೆಳಗಿನಿಂದ ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಾದದ್ದನ್ನು ಮೊದಲು ಪಾತ್ರೆಗೆ ಹಾಕಿ. ಟೆರೇಸು ಮನೆಯವರು ಮೆಟ್ಟಿಲಡಿಯಲ್ಲಿ ಹಗ್ಗ ಕಟ್ಟಿ ತೂಗಿಸಿದ್ದನ್ನೂ ನೋಡಿದ್ದೇನೆ, ಚೆನ್ನಾಗಿಯೇ ಉಳಿದಿತ್ತು.

ಉಪ್ಪು ಸೊಳೆಗೆ ಗಟ್ಟಿ ಸೊಳೆಯ ಬಕ್ಕೆ ಹಲಸೇ ಆಗಬೇಕು, ಮೆತ್ತನೆ ಸೊಳೆಯ ತುಳುವ ಕರಗಿಹೋಗುತ್ತದೆ. ಬೆಳೆದ, ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ, ಬೇಳೆ ತೆಗೆದು, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಹಾಕುತ್ತಾ ಹೋಗಿ. ಮೇಲೆ ಬಾಳೆಲೆ, ಅದರ ಮೇಲೆ ತೊಳೆದು ಒಣಗಿಸಿದ ಕಲ್ಲು. ಒಂದೆರಡು ದಿನಕ್ಕೆ ನೀರು ಬಿಟ್ಟು ಸೊಳೆ ಮುಳುಗಬೇಕು. ಮುಳುಗದಿದ್ದರೆ ಕುದಿಸಿ ಆರಿಸಿದ ಗಟ್ಟಿ ಉಪ್ಪುನೀರು ಹೊಯ್ಯಿರಿ. ತೆಗೆಯುವಾಗ ಒದ್ದೆ ಕೈ ಹಾಕಿದರೆ ಭರಣಿ ಕೆಟ್ಟಿತು ಎಂದೇ ಲೆಕ್ಕ. ಅಡುಗೆಗೆ ಮುಂಚೆ ಎರಡು ನೀರಲ್ಲಿ ನೆನೆಸಿ ಉಪ್ಪು ಬಿಡಿಸಬೇಕು. ಹಾಗೆ ಮಾಡಿದರೂ ಉಪ್ಪಿನಂಶ ಉಳಿಯುತ್ತದೆ. ಬಿಪಿ ಇದ್ದವರಿಗೆ ಉಪ್ಪು ಸೊಳೆ, ಹಪ್ಪಳ, ಉಪ್ಪಿನಕಾಯಿ, ಒಣಮೀನು ದಿನಾ ಬೇಡ. ಊರ ಊಟದ ಈ ದೋಷವನ್ನು ಯಾರೂ ಹೇಳುವುದಿಲ್ಲ.

ಹಲಸಿನ ಬೇಳೆಗೆ ಕೆಮ್ಮಣ್ಣು ಮೆತ್ತಿ ಮೂಲೆಯಲ್ಲಿ ರಾಶಿ ಹಾಕುವುದು ಹಳೆಯ ಕ್ರಮ. ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿಟ್ಟರೆ ಮಳೆಗಾಲದ ಸಂಜೆಗೆ ಮಕ್ಕಳಿಗೆ ಜಗಿಯಲು ಆಯಿತು. ಮಾಂಬಳ (ಒಣಗಿಸಿದ ಮಾವಿನ ರಸ), ಪುನರ್ಪುಳಿ ಸಿಪ್ಪೆ ಎಲ್ಲದಕ್ಕೂ ಏಪ್ರಿಲಿನ ಬಿಸಿಲೇ ಬಂಡವಾಳ.

7. ದುಡ್ಡು ಮತ್ತು ದುಡಿಮೆಯ ಲೆಕ್ಕ

ಊರ ತರಕಾರಿ ಸಾಮಾನ್ಯವಾಗಿ ದುಬಾರಿ. ಎಕರೆಗಟ್ಟಲೆ ಬೆಳೆದು ಲಾರಿ ತುಂಬಿಸುವ ಗುಂಡ್ಲುಪೇಟೆಯ ರೈತನೊಂದಿಗೆ ಹತ್ತು ಸೆಂಟ್ಸಿನಲ್ಲಿ ಬೆಳೆಯುವ ನಮ್ಮವರು ಬೆಲೆಯಲ್ಲಿ ಹೋರಾಡಲಾರರು. ಆಳಿನ ಸಂಬಳವೂ ಇಲ್ಲಿ ಜಾಸ್ತಿ. ಕಮ್ಮಿ ಬೀಳಬೇಕೆಂದರೆ ಮೂರು ದಾರಿ ಇದೆ. ರಾಶಿ ಬರುವ ಕಾಲದಲ್ಲಿ ತರುವುದು, ನಾಲ್ಕು ಮನೆಯವರು ಸೇರಿ ಒಬ್ಬ ಬೆಳೆಗಾರರಿಂದ ವಾರಕ್ಕಿಷ್ಟು ಎಂದು ಮಾತಾಡಿಕೊಳ್ಳುವುದು, ಆಕಾರ ಕೆಟ್ಟ ಕಾಯಿಯನ್ನೂ ತೆಗೆದುಕೊಳ್ಳುವುದು. ಕುಟುಂಬಶ್ರೀ ಮಹಿಳಾ ಗುಂಪುಗಳವರು ಗೇಣಿಗೆ ಗದ್ದೆ ಹಿಡಿದು ತರಕಾರಿ ಮಾಡುವ ಕಡೆಗಳಲ್ಲಿ ಮೊದಲೇ ಹೇಳಿಟ್ಟರೆ ತೆಗೆದಿಡುತ್ತಾರೆ. ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿದರೆ ಯಾರು ಏನು ಬೆಳೆಯುತ್ತಾರೆ ಎಂದು ತಿಳಿಯುತ್ತದೆ. ಬೀಜವೂ ಸಿಗುತ್ತದೆ.

ಲೆಕ್ಕಕ್ಕೆ ಸಿಗದ ಖರ್ಚು ಇನ್ನೊಂದಿದೆ. ಹಲಸು ಬಿಡಿಸುವವರು ಯಾರು? ಕೈಗೆ ಎಣ್ಣೆ ಹಚ್ಚಿ, ಮೇಣ ಒರೆಸಿ, ಸೊಳೆ ತೆಗೆದು, ಹಪ್ಪಳಕ್ಕೆ ಕಡೆದು, ಒಣಗಿಸಿ, ಮಳೆ ಬಂದರೆ ಓಡಿಹೋಗಿ ಒಳಗೆ ತರುವವರು ಯಾರು? ಬಹಳ ಮನೆಗಳಲ್ಲಿ ಅಮ್ಮ ಅಥವಾ ಅತ್ತೆ. 2018ರಲ್ಲಿ ಕೇರಳ ಸರ್ಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು, ಸಂತೋಷ. ಆದರೆ ಊರ ಊಟದ ಬಗ್ಗೆ ಭಾಷಣ ಮಾಡುವ ಗಂಡಸರು ಒಂದು ಬಕ್ಕೆಯನ್ನಾದರೂ ಪೂರ್ತಿ ಬಿಡಿಸಲಿ. ಮನೆಯಲ್ಲಿ ಕೆಲಸ ಹಂಚಿಕೊಳ್ಳಲು ಆಗದಿದ್ದರೆ ಬಿಡಿಸಿದ ಸೊಳೆ, ಹೆಚ್ಚಿದ ಗುಜ್ಜೆ ಮಾರುವವರಿಂದ ತನ್ನಿ. ಎರಡು ದುಡ್ಡು ಜಾಸ್ತಿ ಕೊಟ್ಟದ್ದು ದಂಡವಲ್ಲ.

ಪರಿಸರಕ್ಕೆ ಒಳ್ಳೆಯದು ಎಂಬ ವಾದಕ್ಕೂ ಒಂದು ಮಿತಿ ಇದೆ. 2008ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಅಲ್ಲಿನ ಮನೆಗಳ ಆಹಾರದ ಲೆಕ್ಕ ಹಾಕಿದಾಗ, ಆಹಾರದಿಂದ ಬರುವ ಹಸಿರುಮನೆ ಅನಿಲದಲ್ಲಿ ಸಾಗಾಟದ ಪಾಲು ಸುಮಾರು 11 ಶೇಕಡ ಮಾತ್ರ, ಬೆಳೆಯುವ ಹಂತದ್ದೇ 83 ಶೇಕಡ ಎಂದು ಕಂಡಿತು. ನಮ್ಮ ಲೆಕ್ಕ ಬೇರೆ ಇರಬಹುದು. ಆದರೂ ಒಂದು ಕಟ್ಟು ಬಸಳೆಗಾಗಿ ಬದಿಯಡ್ಕಕ್ಕೆ ಕಾರಲ್ಲಿ ಹೋಗಿ ಬಂದು, ಪರಿಸರ ಉಳಿಸಿದೆ ಎಂದು ಸ್ಟೇಟಸ್ ಹಾಕುವುದರಲ್ಲಿ ಅರ್ಥವಿಲ್ಲ.

8. ಶುರು ಮಾಡುವುದು ಹೀಗೆ

ಎಲ್ಲ ಒಟ್ಟಿಗೆ ಬೇಡ. ಮೊದಲ ತಿಂಗಳು ಸೊಪ್ಪು ಮತ್ತು ಬಾಳೆಹಣ್ಣು ಮಾತ್ರ ಊರದ್ದು ಎಂದು ಇಟ್ಟುಕೊಳ್ಳಿ. ಬಾಳೆಗೊನೆ ಇಡಿಯಾಗಿ ತಂದು ಮನೆಯಲ್ಲೇ ಹಣ್ಣು ಮಾಡಿದರೆ ಕಾರ್ಬೈಡಿನ ಭಯವೂ ಇಲ್ಲ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ಕಾನೂನಿನಲ್ಲೇ ನಿಷೇಧವಿದೆ, ಪೇಟೆಯಲ್ಲಿ ನಿಂತಿಲ್ಲ ಅಷ್ಟೆ. ಎರಡನೇ ತಿಂಗಳು ತೆಂಗಿನೆಣ್ಣೆ ಸೇರಿಸಿ. ಆಮೇಲೆ ಆ ಕಾಲಕ್ಕೆ ಬರುವ ತರಕಾರಿ ಎರಡು.

ಜಾಗ ಇದ್ದವರು ಬಸಳೆ ನೆಡಿ. ಅಡುಗೆಗೆ ತಂದ ಬಸಳೆಯಲ್ಲೇ ಬಲಿತ ದಂಟು ಒಂದು ಗೇಣಿನಷ್ಟು ಉಳಿಸಿ, ಎಲೆ ತೆಗೆದು, ಎರಡು ಗಂಟು ಮಣ್ಣಿನೊಳಗೆ ಹೋಗುವ ಹಾಗೆ ಓರೆಯಾಗಿ ಊರಿ. ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಗೆ ನೆಟ್ಟರೆ ಒಳ್ಳೆಯದು. ಬುಡಕ್ಕೆ ಸುಡುಮಣ್ಣು, ಒಣಗಿದ ಸೆಗಣಿ. ಫ್ಲಾಟಿನಲ್ಲಿರುವವರಿಗೆ ಹಳೆಯ ಬಕೆಟು ಸಾಕು, ತಳಕ್ಕೆ ನಾಲ್ಕು ತೂತು ಮಾತ್ರ ಮರೆಯಬೇಡಿ. ಬಳ್ಳಿ ಚಪ್ಪರ ಮುಟ್ಟುವವರೆಗೆ ಕೊಯ್ಯುವ ಆಸೆ ತಡೆದುಕೊಳ್ಳಿ. ಆಮೇಲೆ ವಾರಕ್ಕೊಮ್ಮೆ ತುದಿ ಚಿವುಟಿದಷ್ಟೂ ಕವಲೊಡೆಯುತ್ತದೆ.